ಮೊಳೆಗೆ ನೇತುಹಾಕಿದ್ದ ದೊಡ್ಡ ಪುಲ್ಲಿ

ನಾನು ಒಳ್ಳೆಯವನಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಸಲೀಸು. ಎಪ್ಪತ್ತರ ದಶಕದ ಕೊನೆ, ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ರಾಯಚೂರಿನ ಸ್ಟೇಷನ್ ರಸ್ತೆಯ ಒಂದು ಅಂಗಡಿಯಲ್ಲಿ ಲಾರಿ, ಬಸ್ಸುಗಳ ಬ್ಯಾಟರಿಗೆ ಕರೆಂಟು ತುಂಬುವ ಡೈನಮೊ ರಿಪೇರಿ ಮಾಡುತ್ತಿದ್ದೆ. ಮೇಲೆ ತಗಡು, ಮೂರು ಕಡೆ ತಗಡು, ಹಿಂದಿನ ಗೋಡೆ ಮಾತ್ರ ಇಟ್ಟಿಗೆಯದು. ಸುಣ್ಣ ಬಳಿದರೂ ಬೆಸುಗೆ ಹಾಕುವ ಇದ್ದಿಲ ಒಲೆಯ ಹೊಗೆಗೆ ಆ ಗೋಡೆ ವರ್ಷದೊಳಗೆ ಕರ್ರಗೆ ಮಸಿ ಹಿಡಿಯುತ್ತಿತ್ತು. ಅಂಗಡಿ ಉಸ್ತಾದರದು. ನನಗೆ ಕೆಲಸ ಕಲಿಸಿದವರೂ ಅವರೇ, ಹತ್ತು ಜನರ ಮುಂದೆ ಕತ್ತೆ ಎಂದು ಕರೆಯುತ್ತಿದ್ದವರೂ ಅವರೇ. ನನಗಾಗ ಮದುವೆಯಾಗಿ ಒಂದು ಮಗುವಿತ್ತು. ಕತ್ತೆ ಅನ್ನಿಸಿಕೊಂಡ ಸಿಟ್ಟನ್ನು ಉಸ್ತಾದರ ಮೇಲೆ ತೀರಿಸಿಕೊಳ್ಳಲು ಧೈರ್ಯವಿರಲಿಲ್ಲ. ಯಾರು ಮೆತ್ತಗೆ ಕೈಗೆ ಸಿಗುತ್ತಾರೋ ಅವರ ಮೇಲೆ ತೀರಿಸಿಕೊಳ್ಳುತ್ತಿದ್ದೆ.

ಹಾಗೆ ಮೆತ್ತಗೆ ಸಿಕ್ಕವನು ಒಬ್ಬ ಡ್ರೈವರ್. ಐವತ್ತರ ಆಸುಪಾಸಿನ ಮನುಷ್ಯ. ನಾವೆಲ್ಲ ಕಾಕಾ ಅನ್ನುತ್ತಿದ್ದೆವು. ಗಬ್ಬೂರಿನ ಕುರಿ ಕಾಯುವ ಮನೆತನದವನು. ತನ್ನ ಪಾಲಿನ ಕುರಿಗಳನ್ನು ಅಣ್ಣಂದಿರಿಗೆ ಬಿಟ್ಟುಕೊಟ್ಟು ಲಾರಿ ಹತ್ತಿದವನು, ಹನ್ನೆರಡು ವರ್ಷ ಕ್ಲೀನರ್ ಆಗಿದ್ದು ಆಮೇಲೆ ಸ್ಟೇರಿಂಗ್ ಹಿಡಿದಿದ್ದ. ಊರಲ್ಲಿ ಡ್ರೈವರನ ಮನೆ ಎಲ್ಲಿ ಎಂದು ಕೇಳಿದರೆ ಕೂಸೂ ಅವನ ಮನೆ ತೋರಿಸುತ್ತಿತ್ತಂತೆ. ಮಾನ್ವಿಯ ಒಂದು ಅಕ್ಕಿ ಗಿರಣಿಯ ಲಾರಿ ಅವನ ಕೈಯಲ್ಲಿತ್ತು. ಕಾಲುವೆ ಬದಿಯ ಹಳ್ಳಿಗಳಿಂದ ಭತ್ತ ತುಂಬಿಕೊಂಡು ಗಿರಣಿಗೆ ತರುವುದು, ಅಕ್ಕಿಯನ್ನು ರಾಯಚೂರಿನ ಗೂಡ್ಸ್ ಶೆಡ್ಡಿಗೆ ಮುಟ್ಟಿಸುವುದು ಅವನ ಕೆಲಸ.

ಕಾಕಾನ ಗಾಡಿಗೆ ಒಂದೇ ರೋಗ. ಬೆಳಿಗ್ಗೆ ಸ್ಟಾರ್ಟ್ ಆಗುತ್ತಿರಲಿಲ್ಲ. ಬ್ಯಾಟರಿ ಸತ್ತಿರುತ್ತಿತ್ತು. ದಿನಾ ಗಿರಣಿಯ ನಾಲ್ಕು ಹಮಾಲರು ಹೆಗಲು ಕೊಟ್ಟು ತಳ್ಳಬೇಕು. ಗಿರಣಿಯ ಮಾಲಕ ಸಾವ್ಕಾರರು ಹಣೆ ತುಂಬ ವಿಭೂತಿ ಹಚ್ಚಿಕೊಂಡು ಕಟ್ಟೆಯ ಮೇಲೆ ಕುಳಿತು ಅದನ್ನು ನೋಡುತ್ತಿದ್ದರು. ಬ್ಯಾಟರಿ ಸಾಯುತ್ತಿದ್ದದ್ದು ಅದರ ತಪ್ಪಿನಿಂದಲ್ಲ. ಕಾಕಾ ಮೂವತ್ತರ ಮೇಲೆ ಗಾಡಿ ಓಡಿಸುತ್ತಿರಲಿಲ್ಲ. ಮಣ್ಣಿನ ದಾರಿಯಲ್ಲಿ ಹದಿನೈದು. ಅಷ್ಟು ನಿಧಾನಕ್ಕೆ ಹೋದರೆ ಡೈನಮೊ ತಿರುಗುವುದೇ ಮಂದ, ಚಾರ್ಜ್ ಎಲ್ಲಿಂದ ಬರಬೇಕು?

"ನಿನ್ನೆ ಸಾವ್ಕಾರ್ರು ಕಡೀ ಮಾತು ಹೇಳ್ಯಾರ ತಮ್ಮಾ," ಎಂದ ಕಾಕಾ ಒಂದು ದಿನ ಅಂಗಡಿಗೆ ಬಂದು. "ಇನ್ನೊಮ್ಮೆ ಗಾಡಿ ತಳ್ಳೂದು ಕಂಡ್ರ ಕೆಳಗಿಳಸ್ತೀನಿ ಅಂದಾರ. ನಂಗ ಬ್ಯಾರೆ ಏನೂ ಬರಂಗಿಲ್ಲ. ಈ ಸ್ಟೇರಿಂಗ್ ಹೋತಂದ್ರ ನಾನೂ ಹ್ವಾದಂಗ."

"ಜೋರಾಗಿ ಓಡ್ಸು, ತಾನೇ ಚಾರ್ಜ್ ಆಗ್ತದ," ಎಂದೆ ನಾನು.

"ಕಾಳು ತುಂಬಿದ ಗಾಡಿ, ಮ್ಯಾಲ ಹಮಾಲಿ ಹೆಣ್ಮಕ್ಕಳು ಕುಂತಿರ್ತಾರ. ಹೆಂಗ ಓಡ್ಸಲಿ?"

"ನೀ ಓಡ್ಸೋದು ಲಾರಿ ಅಲ್ಲ ಬಿಡು ಕಾಕಾ, ಕುರಿಹಿಂಡು. ಹಿಂದ ಒಂದು ನಾಯಿ ಬಿಟ್ರ ಸರಿಹೋಗ್ತದ."

ಕಾಕಾ ತಾನೂ ನಕ್ಕ. ಅವನ ಆ ನಗು ನನಗೆ ಆಗುತ್ತಿರಲಿಲ್ಲ. ಬೈದರೆ ಬೈಸಿಕೊಳ್ಳುವವರನ್ನು ಕಂಡರೆ ಇನ್ನಷ್ಟು ಬೈಯಬೇಕು ಅನ್ನಿಸುತ್ತಿತ್ತು.

ಇಲ್ಲಿ ಪುಲ್ಲಿಯ ವಿಷಯ ಸ್ವಲ್ಪ ಹೇಳಬೇಕು. ಎಂಜಿನ್ನಿನ ಮೂತಿಗೆ ಒಂದು ದೊಡ್ಡ ಪುಲ್ಲಿ, ಅಂದರೆ ಬೆಲ್ಟು ಕೂರುವ ಗಾಲಿ, ಇರುತ್ತದೆ. ಅದರಿಂದ ಹೊರಟ ಬೆಲ್ಟು ಫ್ಯಾನನ್ನೂ ನೀರಿನ ಪಂಪನ್ನೂ ತಿರುಗಿಸಿ, ಡೈನಮೊದ ಪುಲ್ಲಿಯನ್ನೂ ತಿರುಗಿಸುತ್ತದೆ. ಡೈನಮೊದ ಪುಲ್ಲಿ ಸಣ್ಣದಾದಷ್ಟೂ ಅದು ಜೋರಾಗಿ ತಿರುಗುತ್ತದೆ. ನಿಧಾನಕ್ಕೆ ಹೋಗುವ ಗಾಡಿಗೆ ಸಣ್ಣ ಪುಲ್ಲಿ ಹಾಕಿದರೆ ಚಾರ್ಜ್ ಚೆನ್ನಾಗಿ ಬರುತ್ತದೆ. ಅದೇ ಗಾಡಿ ಓಡತೊಡಗಿದರೆ ಡೈನಮೊ ತಾಳದು. ಅದರೊಳಗೆ ತಿರುಗುವ ಉರುಳೆಗೆ ತಾಮ್ರದ ತಂತಿ ಸುತ್ತಿರುತ್ತದೆ. ವೇಗ ಮಿತಿ ಮೀರಿದರೆ ಆ ತಂತಿ ತಾನು ಕೂತ ಸೀಳಿನಿಂದ ಕಿತ್ತು ಹೊರಗೆ ಬಂದು ಎಲ್ಲ ಜಾಮ್ ಆಗುತ್ತದೆ.

ಉಸ್ತಾದರಿಗೆ ಓದು ಬರಹ ಬರುತ್ತಿರಲಿಲ್ಲ. ಅವರ ಲೆಕ್ಕವೆಲ್ಲ ಒಂದು ಮೇಣ ಹಚ್ಚಿದ ದಾರದಲ್ಲಿ. ಎಂಜಿನ್ನಿನ ಪುಲ್ಲಿಗೆ ದಾರವನ್ನು ಒಂದು ಸುತ್ತು ಹಾಕಿ ಅಲ್ಲಿಗೆ ಕತ್ತರಿಸುತ್ತಿದ್ದರು. ಅದೇ ತುಂಡನ್ನು ಡೈನಮೊ ಪುಲ್ಲಿಗೆ ಸುತ್ತುತ್ತಿದ್ದರು. "ಒಂದೂವರೆ ಸುತ್ತು ಬಂದ್ರ ಬರೋಬರ್. ಎರಡು ತುಂಬಬಾರದು. ತುಂಬಿದ್ರ ಅದು ಗಾಡಿ ತಿನ್ನತದ," ಅನ್ನುತ್ತಿದ್ದರು. ಆಗಷ್ಟೇ ಹೊಸ ಗಾಡಿಗಳಲ್ಲಿ ಡೈನಮೊದ ಬದಲು ಆಲ್ಟರ್ನೇಟರ್ ಬರತೊಡಗಿತ್ತು. ಅದರ ಉರುಳೆ ಗಟ್ಟಿ, ಎಷ್ಟು ಜೋರು ತಿರುಗಿದರೂ ತಾಳುತ್ತದೆ. ಹಾಗಾಗಿ ಅದಕ್ಕೆ ಪುಲ್ಲಿ ಸಣ್ಣದೇ ಇರುತ್ತದೆ, ದಾರ ಎರಡೂವರೆ ಸುತ್ತು ಬಂದರೂ ಅಡ್ಡಿಯಿಲ್ಲ. ಕಾಕಾನ ಲಾರಿಗೂ ಆಲ್ಟರ್ನೇಟರ್ ಹಾಕಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಕಾಕಾ ಕೇಳಿದ್ದನಂತೆ. "ಹಳೇ ಗಾಡಿಗೆ ಹೊಸ ಬಂಗಾರ ಯಾಕಲೇ?" ಎಂದರಂತೆ ಸಾವ್ಕಾರರು.

ಕಾಕಾ ಬಂದ ಆ ದಿನ ಉಸ್ತಾದರು ತಂತಿ ತರಲು ಹೈದರಾಬಾದಿಗೆ ಹೋಗಿದ್ದರು. ಗುಜರಿಗೆ ಬಂದ ಒಂದು ಆಲ್ಟರ್ನೇಟರಿನ ಸಣ್ಣ ಪುಲ್ಲಿ ನನ್ನ ಕಣ್ಣಿಗೆ ಬಿತ್ತು. ಲೇತ್ ಯಂತ್ರದವನ ಹತ್ತಿರ ಅದರ ತೂತು ಕೊರೆಸಿ, ಕಾಕಾನ ಡೈನಮೊಕ್ಕೆ ಕೂರಿಸಿದೆ. ದಾರ ಹಿಡಿದು ನೋಡಿದೆ. ಎರಡು ಸುತ್ತು ತುಂಬಿ ಮೇಲೆ ನಾಲ್ಕು ಬೆರಳು ಉಳಿಯಿತು.

"ನಲವತ್ತು ದಾಟಬ್ಯಾಡ," ಎಂದೆ.

"ನಾ ಮೂವತ್ತು ದಾಟಿದ್ದು ನೀ ಯಾವಾಗ ನೋಡೀದಿ?" ಎಂದು ಕಾಕಾ ನಕ್ಕ. ಆಮೇಲೆ ಸ್ವಲ್ಪ ಯೋಚಿಸಿ, "ಬ್ಯಾರೆ ಯಾರಾದ್ರೂ ಓಡ್ಸಿದ್ರ?" ಎಂದು ಕೇಳಿದ.

"ಓಡ್ಸಂಗಿದ್ರ ಬಂದು ಹೇಳು. ಹಳೇದು ಇಲ್ಲೇ ಇರ್ತದ, ತಿರುಗಿ ಹಾಕಿ ಕೊಡ್ತೀನಿ. ತಾಸಿನ ಕೆಲಸ," ಎಂದು ಬಿಚ್ಚಿದ ದೊಡ್ಡ ಪುಲ್ಲಿಯನ್ನು ಅವನ ಕಣ್ಣೆದುರೇ, ಆಗಷ್ಟೇ ಸುಣ್ಣ ಬಳಿದಿದ್ದ ಹಿಂದಿನ ಗೋಡೆಯ ಮೊಳೆಗೆ ನೇತುಹಾಕಿದೆ.

ಮರುದಿನದಿಂದ ಗಾಡಿ ಒಂದೇ ಕೀಲಿಗೆ ಸ್ಟಾರ್ಟ್ ಆಯಿತು. ಹಮಾಲರು ಕಾಕಾನಿಗೆ ಚಹಾ ಕುಡಿಸಿದರಂತೆ. ರಾಯಚೂರಿಗೆ ಬಂದಾಗಲೆಲ್ಲ ನನಗೆ ಒಂದು ಕಟ್ಟು ಎಲೆಯಡಿಕೆ ತಂದುಕೊಡುತ್ತಿದ್ದ. ಉಸ್ತಾದರು ಊರಿಂದ ಬಂದವರೇ ಮೊಳೆಯ ಮೇಲಿನ ಪುಲ್ಲಿ ನೋಡಿ ಎಲ್ಲ ಬಾಯಿ ಬಿಡಿಸಿದರು. "ಗಾಡಿ ಅಳತಿಗಿ ಪುಲ್ಲಿ ಹಾಕ್ತಾರ. ಡ್ರೈವರ್ ಅಳತಿಗಿ ಯಾವ ಮಗ ಹಾಕ್ತಾನಲೇ? ಅಂವ ಏನ್ ಸಾಯೋತನ ಅಲ್ಲೇ ಕುಂಡ್ರತಾನೇನು?" ಎಂದರು. ಮುಂದಿನ ಸಲ ಗಾಡಿ ಬಂದಾಗ ಬದಲಿಸು ಎಂದರು. ಗಾಡಿ ಎಷ್ಟೋ ಸಲ ಬಂತು. ನಾನು ಬದಲಿಸಲಿಲ್ಲ, ಅವರೂ ಮತ್ತೆ ಕೇಳಲಿಲ್ಲ. ಚೆನ್ನಾಗಿ ನಡೆಯುವುದನ್ನು ಯಾರು ಬಿಚ್ಚುತ್ತಾರೆ? ಹೀಗೆ ಒಂದು ವರ್ಷ ಕಳೆಯಿತು.

ಸ್ಟಾರ್ಟಿಂಗಿನ ತಕರಾರು ಹೋದ ಮೇಲೆ ಸಾವ್ಕಾರರಿಗೆ ಕಾಕಾನ ನಿಧಾನ ಕಾಣತೊಡಗಿತು. ಎರಡು ಸಲ ಅಕ್ಕಿ ಗೂಡ್ಸ್ ಶೆಡ್ಡಿಗೆ ಮುಟ್ಟುವಷ್ಟರಲ್ಲಿ ವ್ಯಾಗನ್ ಹೊರಟು ಹೋಗಿತ್ತು. ಎರಡನೆಯ ಸಲ ಕಾಕಾನನ್ನು ಇಳಿಸಿ, ತಮ್ಮ ಹೆಂಡತಿಯ ತಮ್ಮನನ್ನು ಹತ್ತಿಸಿದರು. ಮೈದುನ ಆಂಧ್ರದ ಕಡೆ ಲಾರಿ ಓಡಿಸಿ ಬಂದವನು. ಅವನ ಕಾಲು ಎಕ್ಸಲೇಟರಿನ ಮೇಲಿಂದ ಏಳುತ್ತಿರಲಿಲ್ಲ.

ಮರುದಿನ ಮುಂಜಾನೆಯ ಮೊದಲ ಬಸ್ಸಿಗೆ ಕಾಕಾ ರಾಯಚೂರಿಗೆ ಬಂದ. ಆ ದಿನ ನನ್ನ ಮೈಯೆಲ್ಲ ಉರಿಯುತ್ತಿತ್ತು. ಆಗಷ್ಟೇ ಉಸ್ತಾದರು ಒಂದು ಬಸ್ಸಿನ ಮಾಲಕರ ಎದುರಿಗೆ, ನಾನು ಸುತ್ತಿದ ತಂತಿಯನ್ನು ಬಿಚ್ಚಿ ನನ್ನ ಕೊರಳಿಗೇ ಹಾಕಿ, "ಮದವಣಿಗನ್ನ ನೋಡ್ರಿ" ಎಂದು ನಗಿಸಿ ಎದ್ದು ಹೋಗಿದ್ದರು. ಪಕ್ಕದ ಚಹಾದಂಗಡಿಯ ಐದಾರು ಜನ ಅದನ್ನು ನೋಡಿದ್ದರು. ಅವರ ನಗು ಇನ್ನೂ ಮುಗಿದಿರಲಿಲ್ಲ. ಆಗ ಕಾಕಾ ಒಳಗೆ ಬಂದ.

"ತಮ್ಮಾ, ನನ್ನ ಇಳಿಸ್ಯಾರ," ಎಂದ. "ಅದಿರ್ಲಿ. ಹೊಸಬ ಎಪ್ಪತ್ತರಾಗ ಓಡ್ಸಾಕತ್ಯಾನ. ಆ ದೊಡ್ಡ ಪುಲ್ಲಿ ಹಾಕಿ ಕೊಡ್ತೀನಂದಿದ್ದೆಲ್ಲ, ಬಾ, ಹಾಕು. ಇಲ್ಲಾಂದ್ರ ಡೈನಮೊ ಉಳಿಯಂಗಿಲ್ಲ."

"ಅವಂಗ ಹೇಳೀದೇನು?"

"ಹೇಳ್ದೆ. ಸಾವ್ಕಾರ್ರಿಗೂ ಹೇಳ್ದೆ. ಸ್ಟೇರಿಂಗ್ ತಿರುಗಿ ಸಿಗಲಿ ಅಂತ ಅಂಜಸಾಕ ಬಂದಾನ ಅಂದ್ರು. ನೀ ಬಂದು ಹೇಳಿದ್ರ ಕೇಳ್ತಾರ, ಮಿಸ್ತ್ರಿ ಮಾತು."

ಅಲ್ಲಿಗೆ ನಾನು ಎದ್ದು ಹೋಗಿ ಬಸ್ಸು ಹತ್ತಿದ್ದರೆ ಮುಗಿಯುತ್ತಿತ್ತು. ಮಾನ್ವಿ ಏನು ದೂರದ ಊರಲ್ಲ. ಆದರೆ ಹೋದರೆ ಸಾವ್ಕಾರರ ಮುಂದೆ, ತಪ್ಪು ಪುಲ್ಲಿ ಹಾಕಿದವನು ನಾನೇ ಎಂದು ಒಪ್ಪಿಕೊಳ್ಳಬೇಕು. ಈಗಷ್ಟೇ ಕೊರಳಿಗೆ ತಂತಿಯ ಹಾರ ಬಿದ್ದಿತ್ತು, ಇನ್ನೊಂದು ಹಾರಕ್ಕೆ ಕೊರಳು ಯಾರು ಒಡ್ಡುತ್ತಾರೆ? ಚಹಾ ಕುಡಿಯುವವರ ಕಡೆ ತಿರುಗಿ ಗಟ್ಟಿಯಾಗಿ ಹೇಳಿದೆ: "ನೋಡ್ರಿ ಇಲ್ಲಿ. ಕುರಿ ಹೋದ ಮ್ಯಾಲ ಹಟ್ಟಿ ಬಾಗಿಲಾ ಹಾಕಾಕ ಬಂದಾನ. ಸ್ಟೇರಿಂಗ್ ಹೋತು, ಹೊಟ್ಟಿಕಿಚ್ಚು ಉಳೀತು."

ಅವರೆಲ್ಲ ನಕ್ಕರು. ನನ್ನ ಮೇಲಿದ್ದ ನಗು ಕಾಕಾನ ಮೇಲೆ ಹೋಯಿತು. ನನಗೆ ಬೇಕಾಗಿದ್ದದ್ದೂ ಅದೇ.

ಕಾಕಾ ಈ ಸಲ ನಗಲಿಲ್ಲ. "ನೀ ಬರಬ್ಯಾಡ. ಪುಲ್ಲಿ ಕೊಡು, ನಾನೇ ಒಯ್ದು ಅವರ ಕೈಯಾಗ ಇಡ್ತೀನಿ," ಎಂದ.

"ಸಾವ್ಕಾರ್ರ ಸಾಮಾನದು. ನಿನಗ್ಯಾಕ ಕೊಡ್ಲಿ? ಆ ಗಾಡಿಗೆ ನೀ ಈಗ ಯಾರು?"

ಕಾಕಾ ಬಾಗಿಲ ಬಳಿಯ ಹಳೆಯ ಟೈರಿನ ಮೇಲೆ ಕುಳಿತ. ಮಧ್ಯಾಹ್ನದವರೆಗೆ ಕುಳಿತೇ ಇದ್ದ. ನನ್ನ ಸಿಟ್ಟು ಇಳಿಯಬಹುದು ಎಂದುಕೊಂಡಿದ್ದನೋ ಏನೋ. ಇಳಿಯಲಿಲ್ಲ. ಅವನೆದುರಿಗೇ ಚಹಾ ತರಿಸಿ ಕುಡಿದೆ, ಅವನಿಗೆ ಬೇಕೇನು ಎಂದು ಕೇಳಲಿಲ್ಲ. ಮೂರು ಗಂಟೆಯ ಬಸ್ಸಿಗೆ ಎದ್ದು ಹೋದ. ಹೋಗುವಾಗ ಮೊಳೆಯ ಕಡೆ ಒಮ್ಮೆ ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ.

ಎಂಟು ದಿನಕ್ಕೆ ಸುದ್ದಿ ಬಂತು. ಮೈದುನ ಅಕ್ಕಿ ತುಂಬಿಕೊಂಡು ವ್ಯಾಗನ್ ಹೊತ್ತಿಗೆ ಮುಟ್ಟಬೇಕೆಂದು ಕಲ್ಲೂರಿನಿಂದ ಗಾಡಿ ಬಿಟ್ಟದ್ದು ಬಿಟ್ಟಂತೆಯೇ ಬಂದಿದ್ದ. ಕಲ್ಮಲದ ಈಚೆ ಡೈನಮೊ ಹರಿಯಿತು. ತಂತಿ ಕಿತ್ತು ಬಂದು ಜಾಮ್ ಆಗಿ, ಬೆಲ್ಟು ಕತ್ತರಿಸಿ ಹೋಯಿತು. ಬೆಲ್ಟು ಹೋದ ಮೇಲೆ ಫ್ಯಾನೂ ಇಲ್ಲ, ನೀರಿನ ಪಂಪೂ ಇಲ್ಲ. ಆ ಪುಣ್ಯಾತ್ಮ ಎಂಜಿನ್ ಶಾಖದ ಮೀಟರು ನೋಡದೆ ಇನ್ನೂ ಎರಡು ಮೈಲಿ ಎಳೆದ. ಎಂಜಿನ್ ಕಾದು, ಒಳಗೇ ಕಚ್ಚಿಕೊಂಡು ಸೀಜ್ ಆಗಿ ನಿಂತಿತು. ಇಳಿದು ರೇಡಿಯೇಟರಿನ ಮುಚ್ಚಳ ತಿರುವಿದನಂತೆ. ಕುದಿವ ನೀರು ಎರಡೂ ಕೈ ಸುಟ್ಟಿತು.

ಚಹಾದಂಗಡಿಯಲ್ಲಿ ಈ ಸುದ್ದಿ ಕೇಳಿದವನೇ ನಾನು ಅಂಗಡಿಗೆ ಬಂದು, ಯಾರೂ ಇಲ್ಲದಾಗ ಮೊಳೆಯಿಂದ ಪುಲ್ಲಿ ಇಳಿಸಿ ಗೋಣಿಚೀಲದಲ್ಲಿ ಸುತ್ತಿ ಮನೆಗೆ ಒಯ್ದು ಹೊರಸಿನ ಕೆಳಗೆ ತಳ್ಳಿದೆ. ಕೈ ನಡುಗಲಿಲ್ಲ. ನಡುಗಿತು ಎಂದು ಬರೆದರೆ ನನಗೇ ಚೆನ್ನಾಗಿರುತ್ತಿತ್ತು, ಆದರೆ ನಡುಗಲಿಲ್ಲ.

ಮರುದಿನ ಜೀಪು ಬಂತು. ಸಾವ್ಕಾರರು, ಮೊಣಕೈವರೆಗೆ ಪಟ್ಟಿ ಕಟ್ಟಿಸಿಕೊಂಡ ಮೈದುನ, ಹಿಂದೆ ಕಾಕಾ. ಕಾಕಾನನ್ನು ಗಬ್ಬೂರಿನ ಮನೆಯಿಂದ ಎಬ್ಬಿಸಿಕೊಂಡು ಬಂದಿದ್ದರು. ಸಾವ್ಕಾರರು ಒಡೆದ ಡೈನಮೊವನ್ನು ನಮ್ಮ ಮೇಜಿನ ಮೇಲೆ ಇಟ್ಟರು. ಆ ಸಣ್ಣ ಪುಲ್ಲಿ ಅದಕ್ಕೆ ಹಾಗೇ ಅಂಟಿಕೊಂಡಿತ್ತು. ಉಸ್ತಾದರು ಕಿಸೆಯಿಂದ ದಾರ ತೆಗೆಯಲೂ ಇಲ್ಲ. ಕಣ್ಣಳತೆಯಲ್ಲೇ ಅವರಿಗೆ ಎಲ್ಲ ಗೊತ್ತಾಗಿತ್ತು.

"ಇದು ಆಲ್ಟರ್ನೇಟರ್ ಪುಲ್ಲಿ ಅಂತ. ನನ್ನ ಗಾಡಿಗೆ ಯಾರು ಹಾಕಿಸಿದ್ರು?" ಎಂದು ಸಾವ್ಕಾರರು ನನ್ನನ್ನು ಕೇಳಿದರು.

"ಕಾಕಾನೇ ಹಾಕಿಸಿದ್ದು ರೀ," ಎಂದೆ. ಅದು ನಿಜವೇ ಆಗಿತ್ತು.

"ಯಾವಾಗ?"

ಎಲ್ಲವೂ ನಿಂತದ್ದು ಈ ಒಂದು ಮಾತಿನ ಮೇಲೆ. ಒಂದು ವರ್ಷದ ಹಿಂದೆ ಎಂದರೆ, ವರ್ಷವಿಡೀ ಆ ಪುಲ್ಲಿಯನ್ನು ಸಂಭಾಳಿಸಿ ಓಡಿಸಿದ ಡ್ರೈವರ್ ಅವನು. ಈಚೆಗೆ ಎಂದರೆ, ಕೆಲಸ ಹೋಗುವುದು ಗೊತ್ತಾದ ಹೊಟ್ಟೆಕಿಚ್ಚಿಗೆ ಇಳಿಯುವ ಮೊದಲೇ ಗಾಡಿ ಕೆಡಿಸಿಟ್ಟ ದ್ರೋಹಿ. ಒಮ್ಮೆ ಆ ಹೆಸರು ಬಂದ ಡ್ರೈವರನಿಗೆ ರಾಯಚೂರು, ದೇವದುರ್ಗ, ಮಾನ್ವಿ ಮೂರೂ ಕಡೆ ಯಾರೂ ಕೀಲಿ ಕೊಡುವುದಿಲ್ಲ. ಇದು ನನಗೂ ಗೊತ್ತಿತ್ತು, ಉಸ್ತಾದರಿಗೂ ಗೊತ್ತಿತ್ತು.

"ಈಗ ಹದಿನೈದಿಪ್ಪತ್ತು ದಿನದ ಹಿಂದ ರೀ," ಎಂದೆ. "ಸಾವ್ಕಾರ್ರೇ ಹೇಳ್ಯಾರ ಅಂದ. ನಾ ಹಾಕಿ ಕೊಟ್ಟೆ."

ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು ಅನ್ನುತ್ತಾರೆ. ಕೋತಿಗೆ ಒರೆಸುವಷ್ಟಾದರೂ ಕಷ್ಟವಿತ್ತು. ನನಗೆ ಅದೂ ಬೇಕಾಗಲಿಲ್ಲ.

ಕಾಕಾ ನನ್ನನ್ನೇ ನೋಡಿದ. ಸಿಟ್ಟಾಗಲಿಲ್ಲ. ಮರೆತವನಿಗೆ ನೆನಪು ಮಾಡಿಕೊಡುವ ದನಿಯಲ್ಲಿ, "ವರ್ಷ ಆತಲ್ಲ ತಮ್ಮಾ," ಎಂದ. "ದೊಡ್ಡದು ಮೊಳಿಗೆ ಹಾಕಿದ್ದೆಲ್ಲ ನೀನು. ನಾ ಮೊನ್ನೆ ಬಂದು ಕೇಳಿದ್ನೆಲ್ಲ. ಅದನ್ನ ತೋರ್ಸು, ಸಾವ್ಕಾರ್ರು ನೋಡಲಿ."

"ಯಾವ ಪುಲ್ಲಿ ಕಾಕಾ?" ಎಂದೆ.

ಎಲ್ಲರೂ ಹಿಂದಿನ ಗೋಡೆಯ ಕಡೆ ತಿರುಗಿದರು. ನಾನೂ ತಿರುಗಿದೆ. ಪುಲ್ಲಿ ಒಯ್ಯುವ ಗಡಿಬಿಡಿಯಲ್ಲಿ ನಾನು ಗೋಡೆ ನೋಡಿರಲಿಲ್ಲ. ವರ್ಷದ ಹೊಗೆಗೆ ಗೋಡೆಯೆಲ್ಲ ಕಪ್ಪಾಗಿತ್ತು. ಪುಲ್ಲಿ ನೇತುಬಿದ್ದಿದ್ದ ಜಾಗ ಮಾತ್ರ ದುಂಡಗೆ, ಬೆಳ್ಳಗೆ ಉಳಿದುಕೊಂಡಿತ್ತು. ವರ್ಷ ಪೂರ್ತಿ ಅಲ್ಲಿ ಏನೋ ಇತ್ತು ಎಂದು ಕುರುಡನೂ ಹೇಳುತ್ತಿದ್ದ.

ಸಾವ್ಕಾರರ ಕಣ್ಣು ಇನ್ನೂ ಆ ಕಡೆ ಹುಡುಕುತ್ತಿರುವಾಗ ಉಸ್ತಾದರು ಎದ್ದರು. "ಭಾಳ ಶೆಕಿ," ಎನ್ನುತ್ತ ಮೈಮೇಲಿನ ಅಂಗಿ ಬಿಚ್ಚಿ, ನಡೆದು ಹೋಗಿ ಆ ಮೊಳೆಗೆ ನೇತುಹಾಕಿದರು. ಅಂಗಿ ಆ ಬಿಳಿ ಗುರುತನ್ನು ಪೂರ್ತಿ ಮುಚ್ಚಿತು. ಬನಿಯನ್ನಿನಲ್ಲಿ ಬಂದು ಕುಳಿತು, "ನಮ್ಮಲ್ಲಿ ಅಂಥದ್ದೇನಿಲ್ರಿ ಸಾವ್ಕಾರ್ರ," ಎಂದರು.

ಕಾಕಾ ಆ ಅಂಗಿಯನ್ನು ನೋಡುತ್ತ ನಿಂತ. ಅವನು ಗುರುತು ಕಂಡಿದ್ದ, ಅದು ಮುಚ್ಚಿದ್ದನ್ನೂ ಕಂಡಿದ್ದ. ಹೋಗಿ ಅಂಗಿ ಎತ್ತಿ ತೋರಿಸಬಹುದಿತ್ತು. ಯಾಕೆ ಹೋಗಲಿಲ್ಲವೋ ಇಂದಿಗೂ ನನಗೆ ತಿಳಿಯದು. ಅಂದು ನಕ್ಕಿದ್ದ ಚಹಾದಂಗಡಿಯವರ ಕಡೆ ಒಮ್ಮೆ ನೋಡಿದ. ಅವರು ಕಪ್ಪಿನೊಳಗೆ ಮುಖ ಹಾಕಿದ್ದರು.

"ಇವತ್ತಿನಿಂದ ನಿನ್ನ ಕೈಗೆ ಎತ್ತಿನ ಬಂಡಿನೂ ಸಿಗಬಾರದು, ಹಂಗ ಮಾಡ್ತೀನಿ," ಎಂದರು ಸಾವ್ಕಾರರು. ಅವರು ಮಾತಿಗೆ ತಪ್ಪುವವರಲ್ಲ. ಜೀಪು ಕಾಕಾನನ್ನು ಬಿಟ್ಟೇ ಹೋಯಿತು. ಕಾಕಾ ಟವೆಲ್ಲಿನಿಂದ ಮುಖ ಒರೆಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದ.

ಮರುದಿನ ಬೆಳಿಗ್ಗೆ ಉಸ್ತಾದರು ಒಂದು ಬಕೆಟ್ ಸುಣ್ಣ ಕಲಸಿ ಕುಂಚವನ್ನು ನನ್ನ ಕಾಲ ಬಳಿ ಒಗೆದರು. "ಬಳಿ," ಎಂದರು. ಗೋಡೆ ಪೂರ್ತಿ ಬಳಿದೆ. ಅವತ್ತಿನಿಂದ ಅವರು ನನ್ನನ್ನು ಕತ್ತೆ ಎಂದು ಕರೆಯಲಿಲ್ಲ. ನನ್ನ ಹೆಸರು ಹಿಡಿದು, ಮರ್ಯಾದೆಯಿಂದ ಮಾತಾಡಿಸತೊಡಗಿದರು. ಬೈಗುಳವೇ ಎಷ್ಟೋ ವಾಸಿ ಅನ್ನಿಸಿತು.

ನಾಲ್ಕೈದು ವರ್ಷ ಕಳೆದು ಒಮ್ಮೆ ದೇವದುರ್ಗಕ್ಕೆ ಹೋಗಿ ಒಂದು ಖಾಸಗಿ ಟೆಂಪೊದಲ್ಲಿ ತಿರುಗಿ ಬರುತ್ತಿದ್ದೆ. ಗಬ್ಬೂರಿನಲ್ಲಿ ಅದು ನಿಂತದ್ದು ಮತ್ತೆ ಸ್ಟಾರ್ಟ್ ಆಗಲಿಲ್ಲ. ಎಲ್ಲರೂ ಇಳಿದು ತಳ್ಳತೊಡಗಿದೆವು. ಅಂಗಡಿ ಕಟ್ಟೆಯ ಮೇಲೆ ಕುಳಿತಿದ್ದ ಇಬ್ಬರು ಮೂವರು ಎದ್ದು ಬಂದು ಹೆಗಲು ಕೊಟ್ಟರು. ನನ್ನ ಮಗ್ಗುಲಿಗೇ ಬಂದು ನಿಂತವನು, ಹೆಗಲ ಮೇಲೆ ಕಂಬಳಿ, ನರೆತ ಗಡ್ಡ. ತಳ್ಳುತ್ತಲೇ ಟೆಂಪೊದ ಡ್ರೈವರನಿಗೆ, "ಸೆಕೆಂಡ್ ಗೇರಿಗೆ ಹಾಕು, ನಾ ಅಂದಾಗ ಕ್ಲಚ್ ಬಿಡು," ಎಂದು ಕೂಗಿದ. ದನಿ ಕೇಳಿದ ಮೇಲೆ ಮುಖ ನೋಡಬೇಕಾಗಲಿಲ್ಲ.

"ಬಿಡು," ಎಂದ ಕಾಕಾ. ಎಂಜಿನ್ ಹೊತ್ತಿಕೊಂಡಿತು. ಹೆಗಲು ತೆಗೆದು ಉಸಿರು ಬಿಡುತ್ತ ನನ್ನ ಕಡೆ ತಿರುಗಿದ.

"ಆ ದೊಡ್ಡ ಪುಲ್ಲಿ ಸಿಕ್ತೇನು ತಮ್ಮಾ?" ಎಂದು ಕೇಳಿದ.

ಅವನ ದನಿಯಲ್ಲಿ ವ್ಯಂಗ್ಯ ಇತ್ತೋ ಇಲ್ಲವೋ ನಾನು ಹೇಳಲಾರೆ. ಸುತ್ತಲೂ ಅವನ ಊರಿನವರು ನಿಂತಿದ್ದರು. ಹೌದು ಅನ್ನಲು ಆಗಲೂ ಹೊತ್ತು ಮೀರಿರಲಿಲ್ಲ. ಅವನ ಊರಾದರೂ ನಿಜ ಕೇಳಿಸಿಕೊಳ್ಳುತ್ತಿತ್ತು.

"ಇಲ್ಲ ಕಾಕಾ," ಎಂದು ಟೆಂಪೊ ಹತ್ತಿದೆ.

ಸಂಜೆ ಮನೆ ಮುಟ್ಟಿದಾಗ ಗಾಳಿ ಜೋರಾಗಿತ್ತು. ಬಾಗಿಲು ಬಡಿಯಬಾರದೆಂದು ನನ್ನ ಹೆಂಡತಿ ಎಂದಿನಂತೆ ಹೊರಸಿನ ಕೆಳಗಿನ ಆ ದೊಡ್ಡ ಪುಲ್ಲಿಯನ್ನು ಅದಕ್ಕೆ ಒತ್ತಾಗಿ ಇಟ್ಟಿದ್ದಳು.